ಹಳೇ ಕಾರ್ಟೂನ್ ಸಿನಿಮಾದ ಡಿಸ್ಕ್ ಚೆನ್ನಾಗಿದೆಯಾ ಇಲ್ವಾ ನೋಡೋದು ಹೇಗೆ: ಸಿಂಡ್ರೆಲಾ ಇಟ್ಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಹಳೇ ಅನಿಮೇಷನ್ ಸಿನಿಮಾದ ಬ್ಲೂ-ರೇ ಬಗ್ಗೆ ಯಾರ ರಿವ್ಯೂ ಓದಿದ್ರೂ ಸಾಮಾನ್ಯವಾಗಿ ಒಂದೇ ಮಾತಿರುತ್ತೆ, "ಪಳಪಳ ಅಂತಿದೆ ಗುರು, ನಿನ್ನೆ ಮಾಡಿದ ಸಿನಿಮಾ ಥರ ಇದೆ" ಅಂತ. ನನಗೆ ಆ ಮಾತು ಕೇಳಿದ ತಕ್ಷಣ ಅನುಮಾನ ಶುರುವಾಗುತ್ತೆ. 1950ರ ಸಿನಿಮಾ ನಿನ್ನೆ ಮಾಡಿದ ಥರ ಕಾಣ್ತಿದೆ ಅಂದ್ರೆ ಮಧ್ಯದಲ್ಲಿ ಯಾರೋ ಏನೋ ಒರೆಸಿದ್ದಾರೆ ಅಂತಾಯ್ತು, ಒರೆಸಿದ್ದು ಧೂಳನ್ನಾ ಇಲ್ಲಾ ಚಿತ್ರನೇನಾ ಅನ್ನೋದೊಂದೇ ಬಾಕಿ ಪ್ರಶ್ನೆ.

ಉದಾಹರಣೆಗೆ ಡಿಸ್ನಿಯ ಸಿಂಡ್ರೆಲಾ ತಗೊಂಡಿದೀನಿ. ಯಾಕಂದ್ರೆ ಒಂದೇ ಸಿನಿಮಾಗೆ 2005ರ ಡಿವಿಡಿ ಇದೆ, 2012ರ ಬ್ಲೂ-ರೇ ಇದೆ, 2023ರ 4ಕೆ ಡಿಸ್ಕ್ ಇದೆ, ಮೊದಲ ಎರಡಕ್ಕೂ ಕೊನೇದಕ್ಕೂ ಆಕಾಶ ಭೂಮಿ ವ್ಯತ್ಯಾಸ. ಎರಡನ್ನ ಪಕ್ಕಪಕ್ಕ ನೋಡಿದ್ರೆ ಬೇರೆ ಯಾವ ಸಿನಿಮಾದ ಡಿಸ್ಕನ್ನ ಬೇಕಾದ್ರೂ ಅಳೆಯೋಕೆ ಕಣ್ಣು ತಯಾರಾಗುತ್ತೆ.

ಶುರು ಮಾಡೋ ಮುಂಚೆ: ಸಿನಿಮಾ ಹೇಗೆ ತಯಾರಾಯ್ತು ಅಂತ ತಿಳ್ಕೊಳ್ಳಿ

ಇದು ಬೋರು ಅಂತ ಸ್ಕಿಪ್ ಮಾಡ್ಬೇಡಿ, ಇದು ಗೊತ್ತಿಲ್ಲದಿದ್ರೆ ಮುಂದಿನದೆಲ್ಲ ಬರೀ ಅಂದಾಜಾಗುತ್ತೆ. ಅನಿಮೇಟರ್ ಪೆನ್ಸಿಲಲ್ಲಿ ಪೇಪರ್ ಮೇಲೆ ಬರೀತಿದ್ರು, ಅದನ್ನ ಇಂಕ್ ವಿಭಾಗದ ಹೆಣ್ಮಕ್ಕಳು ಪಾರದರ್ಶಕ ಸೆಲ್ ಹಾಳೆ ಮೇಲೆ ಸಣ್ಣ ನಿಬ್ಬಲ್ಲಿ ಗೆರೆ ಗೆರೆಯಾಗಿ ತಿದ್ದಿ ಎಳೀತಿದ್ರು, ಹಿಂದಗಡೆಯಿಂದ ಬಣ್ಣ ತುಂಬ್ತಿದ್ರು, ಆಮೇಲೆ ಬ್ಯಾಕ್‌ಗ್ರೌಂಡ್ ಪೇಂಟಿಂಗ್ ಮೇಲಿಟ್ಟು ಕ್ಯಾಮರಾದಲ್ಲಿ ಒಂದೊಂದೇ ಫ್ರೇಮ್ ತೆಗೀತಿದ್ರು. ಗೆರೆ ಎಲ್ಲಾ ಕಪ್ಪು ಅಂತ ಅಂದ್ಕೋಬೇಡಿ, ಮುಖಕ್ಕೆ ಕಂದು, ಬಟ್ಟೆಗೆ ಆ ಬಟ್ಟೆಯದೇ ಸ್ವಲ್ಪ ಗಾಢ ಬಣ್ಣ, ಹೀಗೆ ಬೇರೆಬೇರೆ ಶಾಯಿ. ಸೆಕೆಂಡಿಗೆ 24 ಫ್ರೇಮ್ ಓಡಿದ್ರೂ ತುಂಬಾ ಕಡೆ 12 ಚಿತ್ರಗಳೇ ಇರೋದು, ಒಂದೊಂದನ್ನ ಎರಡೆರಡು ಫ್ರೇಮ್ ಹಿಡೀತಾರೆ. ಇದನ್ನ ನೆನಪಲ್ಲಿಟ್ಕೊಳ್ಳಿ, ಟಿವಿ ಸೆಟ್ಟಿಂಗ್ ಹತ್ರ ಮತ್ತೆ ಬೇಕಾಗುತ್ತೆ.

ಇನ್ನು ಕಲರ್ ವಿಷಯ. ಆ ಕಾಲದ ಡಿಸ್ನಿ ಸಿನಿಮಾಗಳ ನೆಗೆಟಿವ್ ಬ್ಲ್ಯಾಕ್ ಅಂಡ್ ವೈಟು, ನಂಬೋಕೆ ಕಷ್ಟ ಆದ್ರೂ ನಿಜ. ಒಂದೇ ಚಿತ್ರವನ್ನ ಕೆಂಪು, ಹಸಿರು, ನೀಲಿ ಫಿಲ್ಟರ್ ಹಾಕಿ ಒಂದರ ಹಿಂದೊಂದು ಮೂರು ಸಲ ಅದೇ ರೀಲಲ್ಲಿ ತೆಗೆಯೋದು, ಆಮೇಲೆ ಟೆಕ್ನಿಕಲರ್ ಕಂಪನಿಯವರು ಆ ಮೂರನ್ನ ಬೇರ್ಪಡಿಸಿ ಬಣ್ಣದ ಪ್ರಿಂಟ್ ಮಾಡ್ತಿದ್ರು. ಇದ್ರಿಂದ ಒಂದು ದೊಡ್ಡ ಲಾಭ, ಬ್ಲ್ಯಾಕ್ ಅಂಡ್ ವೈಟ್ ನೆಗೆಟಿವಲ್ಲಿ ಮಾಸೋಕೆ ಬಣ್ಣನೇ ಇಲ್ಲ. ಒಂದು ತಲೆನೋವೂ ಇದೆ, ಮೂರು ಫೋಟೋದಲ್ಲಿ ಒಂದರ ಮೇಲೆ ಮಾತ್ರ ಧೂಳು ಕೂತಿದ್ರೆ ಪರದೆ ಮೇಲೆ ಅದು ಬಣ್ಣದ ಚುಕ್ಕಿಯಾಗಿ ಕಾಣುತ್ತೆ, ಮೂರೂ ಒಂದಕ್ಕೊಂದು ಸರಿಯಾಗಿ ಕೂರದಿದ್ರೆ ಗೆರೆಯ ಅಂಚಲ್ಲಿ ಕೆಂಪೋ ಹಸಿರೋ ಝಾಲರಿ ಬರುತ್ತೆ.

ವರ್ಷ ನೋಡಿ ಏನು ನಿರೀಕ್ಷೆ ಮಾಡ್ಬೇಕು ಅಂತ ನಿರ್ಧಾರ ಮಾಡಿ. 1959ರ ಸ್ಲೀಪಿಂಗ್ ಬ್ಯೂಟಿವರೆಗೆ ಕೈಯಿಂದ ಎಳೆದ ಶಾಯಿ ಗೆರೆ. 1961ರ ನೂರೊಂದು ಡಾಲ್ಮೇಷಿಯನ್ಸಿಂದ ಜೆರಾಕ್ಸ್ ಬಂತು, ಅನಿಮೇಟರಿನ ಪೆನ್ಸಿಲ್ ಗೆರೆನೇ ನೇರವಾಗಿ ಸೆಲ್ ಮೇಲೆ, ಒರಟೊರಟಾಗಿ, ಅಲ್ಲಲ್ಲಿ ಅಳಿಸದೇ ಉಳಿದ ಕಚ್ಚಾ ಗೆರೆಗಳ ಸಮೇತ, ಅದು ಹಾಗೇ ಇರ್ಬೇಕು. 1990ರ ರೆಸ್ಕ್ಯೂವರ್ಸ್ ಡೌನ್ ಅಂಡರಿಂದ ಡಿಸ್ನಿಲಿ ಬಣ್ಣ ತುಂಬೋದೆಲ್ಲ ಕಂಪ್ಯೂಟರಲ್ಲಿ, ಹಾಗಾಗಿ ಲಯನ್ ಕಿಂಗ್ ಡಿಸ್ಕಲ್ಲಿ ಫಿಲ್ಮ್ ಗ್ರೇನ್ (ಫಿಲ್ಮಿಂದ ಬರೋ ಮರಳಿನಂಥ ಸಣ್ಣ ಕಣಗಳು) ಇಲ್ಲ ಅಂತ ಯಾರಾದ್ರೂ ಗಲಾಟೆ ಮಾಡಿದ್ರೆ ಅವರಿಗೆ ವಿಷಯ ಗೊತ್ತಿಲ್ಲ ಅಂತಲೇ ಅರ್ಥ.

ಹೆಜ್ಜೆ 1: ಮೊದ್ಲು ನಿಮ್ಮ ಟಿವಿ ಸರಿ ಮಾಡ್ಕೊಳ್ಳಿ

ಡಿಸ್ಕ್ ಬೈಯೋ ಮುಂಚೆ ರಿಮೋಟ್ ತಗೊಳ್ಳಿ. ಪಿಕ್ಚರ್ ಮೋಡ್ ವಿವಿಡ್ ಇದ್ರೆ ತೆಗ್ದು ಸಿನಿಮಾ ಇಲ್ಲಾ ಫಿಲ್ಮ್‌ಮೇಕರ್ ಮೋಡಿಗೆ ಹಾಕಿ. ಶಾರ್ಪ್‌ನೆಸ್ ಸೊನ್ನೆಗೋ ಸೊನ್ನೆ ಹತ್ರಕ್ಕೋ ತನ್ನಿ. ನಾಯ್ಸ್ ರಿಡಕ್ಷನ್ ಅಂತ ಒಂದು ಆಪ್ಷನ್ ಒಳಗೆಲ್ಲೋ ಅಡಗಿ ಕೂತಿರುತ್ತೆ, ಅದನ್ನೂ ಆಫ್ ಮಾಡಿ, ಇಲ್ಲಾಂದ್ರೆ ತಪ್ಪು ಟಿವಿದಾಗಿದ್ರೂ ಡಿಸ್ಕಿಗೆ ಬೈಗುಳ ಬೀಳುತ್ತೆ.

ಎಲ್ಲಕ್ಕಿಂತ ಮುಖ್ಯ ಮೋಷನ್ ಸ್ಮೂದಿಂಗ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತೆ, ಕೆಲಸ ಮಾತ್ರ ಒಂದೇ, ಎರಡು ಫ್ರೇಮ್ ಮಧ್ಯೆ ಇಲ್ಲದಿರೋ ಫ್ರೇಮ್ ಹುಟ್ಟಿಸೋದು. ಮನುಷ್ಯರ ಸಿನಿಮಾದಲ್ಲಿ ಅದು ಸೀರಿಯಲ್ ಥರ ಕಾಣುತ್ತೆ ಅಷ್ಟೇ, ಆದ್ರೆ ಒಂದು ಚಿತ್ರವನ್ನ ಎರಡು ಫ್ರೇಮ್ ಹಿಡಿಯೋ ಕಾರ್ಟೂನಲ್ಲಿ ಟಿವಿಗೆ ತಲೆಬುಡ ಅರ್ಥ ಆಗದೆ ಕೈಕಾಲಿನ ಅಂಚೆಲ್ಲ ಕರಗಿ ಹರಿಯೋಕೆ ಶುರುವಾಗುತ್ತೆ, ಒಮ್ಮೆ ಜಾರೋದು ಒಮ್ಮೆ ಜರ್ಕ್ ಹೊಡೆಯೋದು.

ಹೆಜ್ಜೆ 2: ಫ್ರೇಮಿನ ಆಕಾರ

ಸಿಂಡ್ರೆಲಾ ಮೂಲ ಆಕಾರ 1.37:1, ಅಂದ್ರೆ ಹೆಚ್ಚುಕಡಿಮೆ ನಮ್ಮ ಹಳೇ ಡಬ್ಬಾ ಟಿವಿ ಆಕಾರ. ಈಗಿನ ಅಗಲ ಟಿವಿಲಿ ಎಡಬಲ ಕಪ್ಪು ಪಟ್ಟಿ ಬರಲೇಬೇಕು. ಮನೆಲಿ ಯಾರಾದ್ರೂ "ಇದೇನು ಸ್ಕ್ರೀನ್ ಪೂರ್ತಿ ಬರ್ತಿಲ್ಲ" ಅಂತ ರಿಮೋಟ್ ಕಿತ್ಕೊಂಡು ಝೂಮ್ ಒತ್ತೋದು ಗ್ಯಾರಂಟಿ, ತಡೀರಿ. ಸ್ನೋ ವೈಟ್ 2009ರ ಬ್ಲೂ-ರೇಲಿ ಈ ಕಪ್ಪು ಪಟ್ಟಿ ಜಾಗಕ್ಕೆ ಚಿತ್ರ ಬರೆಸಿ ತುಂಬಿಸೋ ಆಪ್ಷನ್ನೇ ಕೊಟ್ಟಿದ್ರು, ಬೇಡ ಅಂದ್ರೆ ಆಫ್ ಮಾಡ್ಬೋದು, ಹಾಗಾಗಿ ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಬರೋದು ಜಂಗಲ್ ಬುಕ್ ಥರದ ಕೇಸಲ್ಲಿ. 1967ರಲ್ಲಿ ಅದನ್ನ ಬರೆದಿದ್ದು ಚೌಕದ ಹತ್ರದ ಆಕಾರಕ್ಕೆ, ಥಿಯೇಟರಲ್ಲಿ ಮೇಲೆ ಕೆಳಗೆ ಮುಚ್ಚಿ ಅಗಲವಾಗಿ ತೋರ್ಸಿದ್ರು, 2007ರ ಡಿವಿಡಿಲಿ ಆ ಅಗಲದ್ದೇ ಕೊಟ್ರು. ಯಾವುದು ಸರಿ ಅಂತ ಫ್ಯಾನ್ಸ್ ಇವತ್ತಿಗೂ ಜಗಳ ಆಡ್ತಾರೆ. ನನ್ನ ಟೆಸ್ಟ್ ಸಿಂಪಲ್ಲು, ಯಾರದ್ದಾದ್ರೂ ತಲೆ ಅಥವಾ ಪಾದ ಪದೇಪದೇ ಕತ್ತರಿಸಿ ಹೋಗ್ತಿದ್ರೆ ಕ್ರಾಪ್ ಕೆಟ್ಟದು, ಉಸಿರಾಡೋಕೆ ಜಾಗ ಇದ್ರೆ ಓಕೆ. ಸ್ಲೀಪಿಂಗ್ ಬ್ಯೂಟಿಲಿ ಉಲ್ಟಾ ಆಯ್ತು, 2008ರ ಬ್ಲೂ-ರೇ 2.55:1 ಅಗಲಕ್ಕೆ ಹೋಗಿದ್ರಿಂದ ಹಳೇ ಡಿವಿಡಿಲಿ ಇಲ್ಲದ ಚಿತ್ರ ಅಂಚುಗಳಲ್ಲಿ ವಾಪಸ್ ಬಂತು.

ಹೆಜ್ಜೆ 3: ಗೆರೆ ನೋಡಿ, ಇದೇ ಅಸಲಿ ಪರೀಕ್ಷೆ

ಬಾಕಿ ಎಲ್ಲಾ ಹೆಜ್ಜೆ ಮರೆತ್ರೂ ಪರವಾಗಿಲ್ಲ, ಇದೊಂದು ಮರೀಬೇಡಿ. ಸಿಂಡ್ರೆಲಾದ ಹರಿದ ಬಟ್ಟೆ ಬಿಳಿ ಗೌನಾಗಿ ಬದಲಾಗೋ ಸೀನ್ ಹಾಕಿ. ಮಾರ್ಕ್ ಡೇವಿಸ್ ಅನಿಮೇಟ್ ಮಾಡಿದ್ದು, ವಾಲ್ಟ್ ಡಿಸ್ನಿಗೆ ತುಂಬಾ ಇಷ್ಟವಾದ ಅನಿಮೇಷನ್ ಇದೇ ಅಂತ ಹೇಳ್ತಾರೆ. ಗೌನು ತಿರುಗಿ ನಿಂತ ಮೇಲೆ ಪಾಜ್ ಮಾಡಿ. ಸ್ಕರ್ಟಿನ ಒಳಗೆ ಮಡಿಕೆಗಳನ್ನ ತೋರಿಸೋ ಸಣ್ಣ ಸಣ್ಣ ಗೆರೆ ಇರ್ಬೇಕು. ಕೂದಲಿನ ಒಳಗೆ ಎಳೆ ಹೇಗೆ ತಿರುಗಿದೆ ಅಂತ ಹೇಳೋ ಗೆರೆ ಇರ್ಬೇಕು. ತುಟಿ, ಕಣ್ಣಿನ ರೆಪ್ಪೆ, ಬೆರಳುಗಳ ಸಂದಿ ನೋಡಿ. ಈಗ ಒಂದೊಂದೇ ಫ್ರೇಮ್ ಮುಂದೆ ತಳ್ಳಿ. ಒಂದು ಫ್ರೇಮಲ್ಲಿರೋ ಮಡಿಕೆ ಮುಂದಿನ ಫ್ರೇಮಲ್ಲಿ ಅರ್ಧ ಕರಗಿ, ಅದರ ಮುಂದಿನದರಲ್ಲಿ ಮಾಯ ಆಗಿ, ಅವಳು ನಿಂತಾಗ ಮತ್ತೆ ಹುಟ್ಕೊಂಡ್ರೆ ಸಿಕ್ಕಿಬಿದ್ರು ಅಂತ ಲೆಕ್ಕ. 2012ರ ಬ್ಲೂ-ರೇಲಿ ಇಂಥದ್ದು ಬೇಕಾದಷ್ಟಿದೆ, ಬಟ್ಟೆ ಕೆಲವು ಕಡೆ ಬರೀ ಒಂದು ತೇಪೆ ಬಣ್ಣ ಥರ ಕಾಣುತ್ತೆ.

ಯಾಕೆ ಹೀಗಾಗುತ್ತೆ? ಗ್ರೇನ್ ತೆಗೆಯೋ ಸಾಫ್ಟ್‌ವೇರ್, ಎಲ್ಲರೂ ಡಿಎನ್‌ಆರ್ ಅಂತ ಕರೆಯೋದು, ಅಕ್ಕಪಕ್ಕದ ಫ್ರೇಮ್‌ಗಳನ್ನ ಹೋಲಿಸಿ ಎಲ್ಲದರಲ್ಲೂ ಒಂದೇ ಥರ ಇರೋದನ್ನ ಚಿತ್ರ ಅಂತಲೂ, ಫ್ರೇಮಿಂದ ಫ್ರೇಮಿಗೆ ಬದಲಾಗೋದನ್ನ ಕಸ ಅಂತಲೂ ಅಂದ್ಕೊಳ್ಳುತ್ತೆ. ಗ್ರೇನ್ ಪ್ರತಿ ಫ್ರೇಮಲ್ಲೂ ಬದಲಾಗುತ್ತೆ, ಸರಿ, ಆದ್ರೆ ಕೂದಲೆಳೆಯಷ್ಟು ಸಣ್ಣ ಗೆರೆ ಬೇಗ ಚಲಿಸ್ತಿದ್ರೆ ಅದೂ ಬದಲಾಗ್ತಾನೇ ಇರುತ್ತಲ್ವಾ, ಮಷಿನ್ನಿಗೆ ಎರಡೂ ಒಂದೇ. ಕಂಚಿನ ದೀಪನ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಕೊನೆಗೆ ಕೆತ್ತನೆನೇ ಸವೆಸಿಬಿಟ್ಟ ಹಾಗೆ. ಅದಕ್ಕೇ ಪಾತ್ರ ಸುಮ್ನೆ ನಿಂತಿರೋ ಸ್ಕ್ರೀನ್‌ಶಾಟ್ ನೋಡಿ ಡಿಸ್ಕ್ ಚೆನ್ನಾಗಿದೆ ಅಂತ ಹೇಳೋಕಾಗಲ್ಲ, ಓಡೋ, ಕುಣಿಯೋ, ತಿರುಗೋ ಸೀನಲ್ಲೇ ಪಾಜ್ ಮಾಡ್ಬೇಕು.

ಜೆರಾಕ್ಸ್ ಕಾಲದ ಸಿನಿಮಾಗೆ ಇದೇ ಟೆಸ್ಟ್ ಇನ್ನೂ ಸುಲಭ. 2013ರಲ್ಲಿ ಬಂದ ಸ್ವೋರ್ಡ್ ಇನ್ ದ ಸ್ಟೋನ್ ಬ್ಲೂ-ರೇ ಈ ವಿಷಯಕ್ಕೇ ಕುಖ್ಯಾತ. ಆ ಸಿನಿಮಾದ ಮಜಾನೇ ಒರಟು ಪೆನ್ಸಿಲ್ ಗೆರೆ, ಮರ್ಲಿನ್ನ ಗಡ್ಡದಲ್ಲಿ ಅನಿಮೇಟರಿನ ಕೈಬರಹ ನೇರವಾಗಿ ಕಾಣ್ಬೇಕು, ಆ ಡಿಸ್ಕಲ್ಲಿ ಅದೆಲ್ಲ ಮೇಣದ ಹಾಗೆ ಕಲಸಿಹೋಗಿದೆ. ಹೆಚ್ಚು ರೆಸಲ್ಯೂಷನ್ ಅಂದ್ರೆ ಹೆಚ್ಚು ಡೀಟೇಲು ಅನ್ನೋ ನಂಬಿಕೆ ಅಲ್ಲೇ ಬಿದ್ದೋಗುತ್ತೆ, 1920 ಗುಣಿಸು 1080 ಚುಕ್ಕಿಗಳ ದೊಡ್ಡ ಡಬ್ಬಿ ಇದೆ, ಒಳಗೆ ಹಾಕೋಕೆ ಗೆರೆ ಇಲ್ಲ.

2023ರ ಸಿಂಡ್ರೆಲಾಗೆ ಮೂಲ ನೈಟ್ರೇಟ್ (ಹಳೇ ಕಾಲದ ಒಂದು ಬಗೆಯ ಫಿಲ್ಮ್) ನೆಗೆಟಿವನ್ನ ಹೊಸದಾಗಿ ಸ್ಕ್ಯಾನ್ ಮಾಡಿದ್ರು, ಎರಿಕ್ ಗೋಲ್ಡ್‌ಬರ್ಗ್ ಥರದ ಅನುಭವಿ ಅನಿಮೇಟರನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರು. ಗೌನಿನ ಮಡಿಕೆ ವಾಪಸ್ ಬಂತು, ಗೆರೆಯ ಬಣ್ಣವೂ ವಾಪಸ್ ಬಂತು. ಸ್ಟ್ರೀಮಿಂಗಲ್ಲಿ ಹಳೇ ಮಾಸ್ಟರ್ (ಡಿಸ್ಕು, ಸ್ಟ್ರೀಮಿಂಗ್ ಎಲ್ಲಕ್ಕೂ ಮೂಲವಾದ ಪ್ರತಿ) ಓಡ್ತಿದೆಯಾ ಹೊಸದಾ ಅಂತ ಗೊತ್ತಾಗ್ಬೇಕಾದ್ರೂ ಇದೇ ಸೀನಲ್ಲಿ ಪಾಜ್ ಮಾಡಿದ್ರೆ ಸಾಕು.

ಹೆಜ್ಜೆ 4: ಗ್ರೇನು, ಧೂಳು, ಯಾವುದು ಇರ್ಬೇಕು ಯಾವುದು ಹೋಗ್ಬೇಕು

ಒಂದು ವಾದ ಇದೆ, ಅದರಲ್ಲಿ ಅರ್ಥನೂ ಇದೆ: "ಕಲಾವಿದರು ಸೆಲ್ ಮೇಲೆ ಬರೆದಾಗ ಗ್ರೇನ್ ಇರ್ಲಿಲ್ವಲ್ಲ, ಅದು ಬಂದಿದ್ದು ಫಿಲ್ಮಿಂದ, ತೆಗೆದ್ರೆ ತಪ್ಪೇನು?" ನಾನು ಒಪ್ಪಲ್ಲ. ಅವರು ಮಾಡಿದ್ದು ಸಿನಿಮಾ, ಗೋಡೆಗೆ ತೂಗುಹಾಕೋ ಚಿತ್ರ ಅಲ್ಲ, ಫಿಲ್ಮಲ್ಲಿ ಹೇಗೆ ಕಾಣುತ್ತೆ ಅಂತ ಲೆಕ್ಕ ಹಾಕಿಯೇ ಬಣ್ಣ ಕಲಸಿದ್ರು. ಅದೂ ಅಲ್ದೆ ಗೆರೆಗೆ ಏಟು ಬೀಳದ ಹಾಗೆ ಗ್ರೇನ್ ಪೂರ್ತಿ ತೆಗೆದಿರೋ ಹಳೇ ಸೆಲ್ ಸಿನಿಮಾ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ನೋಡೋ ರೀತಿ ಹೀಗೆ: ಖಾಲಿ ಆಕಾಶ ಇಲ್ಲಾ ಗೋಡೆ ಇರೋ ಸೀನಲ್ಲಿ ಟಿವಿ ಹತ್ರ ಹೋಗಿ. ಸಣ್ಣದಾಗಿ ಜೀವಂತವಾಗಿ ಅಲುಗಾಡೋ ಮರಳಿನಂಥದ್ದು ಕಂಡ್ರೆ ಗ್ರೇನ್, ಒಳ್ಳೇದು. ಚೌಕ ಚೌಕ ಕಂಡ್ರೆ ಕಂಪ್ರೆಷನ್ ದೋಷ. ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಹೊಡೆದ್ರೆ ಬ್ಯಾಂಡಿಂಗ್, ಗ್ರೇನ್ ತೆಗೆದ ಡಿಸ್ಕಲ್ಲಿ ಇದು ಎದ್ದು ಕಾಣುತ್ತೆ. ಪಾತ್ರ ಚಲಿಸುವಾಗ ಗ್ರೇನ್ ಇದ್ದು ನಿಂತಾಗ ಪೂರ್ತಿ ಹೆಪ್ಪುಗಟ್ಟಿದ್ರೆ ಸಾಫ್ಟ್‌ವೇರ್ ಕೈಚಳಕ. ಹೋಲಿಕೆಗೆ ಒಂದು ಒಳ್ಳೆ ಅಳತೆಗೋಲು ಬೇಕಂದ್ರೆ ಜಪಾನಿನ ಘಿಬ್ಲಿ ಸ್ಟುಡಿಯೊದ 1988ರ ಟೊಟೊರೊ ಬ್ಲೂ-ರೇ ನೋಡಿ, ಗ್ರೇನ್ ಉಳಿಸ್ಕೊಂಡೇ ಎಷ್ಟು ಚಂದ ಇದೆ ಅಂತ ಗೊತ್ತಾಗುತ್ತೆ.

ಧೂಳಲ್ಲಿ ಎರಡು ಜಾತಿ. ನೆಗೆಟಿವಿಗೆ ವರ್ಷಾಂತರದಲ್ಲಿ ಅಂಟಿದ ಕೊಳೆ, ಗೀರು, ಅದು ಹೋಗ್ಲೇಬೇಕು. ಇನ್ನೊಂದು 1949ರಲ್ಲೇ ಕ್ಯಾಮರಾ ಕೆಳಗೆ ಸೆಲ್ ಮೇಲೆ ಕೂತಿದ್ದ ಧೂಳು, ಅದು ಮೊದಲ ದಿನದ ಪ್ರೇಕ್ಷಕರಿಗೂ ಕಂಡಿತ್ತು. ಅದನ್ನೂ ತೆಗೆದ್ರೆ ನನಗೆ ಬೇಜಾರಿಲ್ಲ, ಆದ್ರೆ ಸೆಲ್ ಬ್ಯಾಕ್‌ಗ್ರೌಂಡ್ ಮೇಲೆ ಬೀಳಿಸೋ ಸಣ್ಣ ನೆರಳನ್ನೂ ಅಳಿಸಿ, ಪಾತ್ರ ಸ್ಟಿಕರ್ ಅಂಟಿಸಿದ ಹಾಗೆ ಕಂಡ್ರೆ ಮಾರ್ಕ್ಸ್ ಕಟ್.

ಹೆಜ್ಜೆ 5: ಬಣ್ಣ

ಕಷ್ಟದ ಹೆಜ್ಜೆ, ಯಾಕಂದ್ರೆ "ಸರಿಯಾದ ಬಣ್ಣ" ಯಾರ ಕಣ್ಣಲ್ಲೂ ನೆನಪಿಲ್ಲ. ಮನೆಲಿದ್ದ ವಿಎಚ್‌ಎಸ್ ಕ್ಯಾಸೆಟ್ ನೆನಪಂತೂ ಲೆಕ್ಕಕ್ಕೇ ಇಲ್ಲ, ಅದು ಮಾಸಿದ ಪ್ರಿಂಟಿನ ಮಾಸಿದ ಕಾಪಿ. ಸ್ಟುಡಿಯೊ ಹತ್ರ ಮೂಲ ಸೆಲ್‌ಗಳು, ಬ್ಯಾಕ್‌ಗ್ರೌಂಡ್‌ಗಳು ಇವೆ, ಅದಕ್ಕೇ ಮ್ಯಾಚ್ ಮಾಡಿದ್ವಿ ಅಂತ ಹೇಳ್ಕೋತಾರೆ, ಆದ್ರೆ ಟೆಕ್ನಿಕಲರ್ ಬಣ್ಣ ಬದಲಾಯಿಸುತ್ತೆ ಅಂತ ಗೊತ್ತಿದ್ದೇ ಆ ಪೇಂಟ್ ಕಲಸಿರ್ತಾರೆ, ಹಾಗಾಗಿ ಸೆಲ್ ಬಣ್ಣನೇ ಸಿನಿಮಾ ಬಣ್ಣ ಅಲ್ಲ.

ಸಿಂಡ್ರೆಲಾದಲ್ಲಿ ನೋಡ್ಬೇಕಾದ್ದು ಗೌನು. ಗೊಂಬೆ, ಸ್ಕೂಲ್ ಬ್ಯಾಗು, ಟಿಫನ್ ಡಬ್ಬಿ ಎಲ್ಲದರ ಮೇಲೂ ಅವಳ ಗೌನು ಆಕಾಶ ನೀಲಿ, ಸಿನಿಮಾದಲ್ಲಿ ಅದು ಬೆಳ್ಳಿ ಬಿಳಿ. ಹಳೇ ಡಿಸ್ಕಲ್ಲಿ ನೀಲಿ ಕಡೆ ಎಳೆದಿದ್ರು, 2023ರದ್ದರಲ್ಲಿ ಬೆಳ್ಳಿ ಆಗಿದೆ. ರಾತ್ರಿ ಸೀನ್‌ಗಳು ರಾತ್ರಿ ಥರನೇ ಇವೆಯಾ, ಇಲ್ಲಾ ಎಲ್ಲಾ ಕಾಣ್ಲಿ ಅಂತ ಬೆಳಕು ಏರಿಸಿದ್ದಾರಾ ನೋಡಿ, ಈ ಸಿನಿಮಾಗೆ ಬಣ್ಣದ ಕಲ್ಪನೆ ಕೊಟ್ಟ ಕಲಾವಿದೆ ಮೇರಿ ಬ್ಲೇರ್ ಕೆಲಸದಲ್ಲಿ ಕತ್ತಲೆಗೆ ದೊಡ್ಡ ಪಾಲಿದೆ. ಎಚ್‌ಡಿಆರ್ (ಹೊಳಪು, ಕತ್ತಲೆ ಎರಡನ್ನೂ ಹೆಚ್ಚು ವ್ಯಾಪ್ತಿಲಿ ತೋರಿಸೋ ತಂತ್ರ) ಇದ್ರೆ ಮಿನುಗು, ಮೋಂಬತ್ತಿ, ಅಷ್ಟರಲ್ಲಿ ಮಾತ್ರ ಹೊಳಪು ಏರ್ಬೇಕು, ಬಣ್ಣ ಹಚ್ಚಿದ ಗೋಡೆ ಟ್ಯೂಬ್‌ಲೈಟ್ ಥರ ಉರಿಯೋ ಹಾಗಿಲ್ಲ.

ಹೆಜ್ಜೆ 6: ಸೌಂಡು

ಮೆನುಲಿ ಆಡಿಯೊ ಲಿಸ್ಟ್ ತೆಗೀರಿ. ಮೂಲ ಮೋನೊ (ಒಂದೇ ಚಾನೆಲ್ಲಿನ) ಟ್ರ್ಯಾಕ್ ಇದೆಯಾ? ಹಳೇ ಸಿನಿಮಾನ 5.1, 7.1 ಅಂತ ಸುತ್ತಲಿನ ಸ್ಪೀಕರ್‌ಗಳಿಗೆ ಹಿಗ್ಗಿಸಿ ಮೂಲ ಟ್ರ್ಯಾಕೇ ಬಿಟ್ಟುಬಿಡೋ ಡಿಸ್ಕುಗಳು ಬೇಕಾದಷ್ಟಿವೆ. ರೀಮಿಕ್ಸ್ ಇರ್ಲಿ, ಮಕ್ಕಳಿಗೆ ಮಜಾ, ಆದ್ರೆ ಮೋನೊ ಜೊತೆಗಿರ್ಬೇಕು. ಪರೀಕ್ಷೆಗೆ ಸಿಂಡ್ರೆಲಾ ನೆಲ ಒರೆಸ್ತಾ ಹಾಡೋ ಸೀನ್ ಹಾಕಿ, ಸೋಪಿನ ಗುಳ್ಳೆಲಿ ಅವಳ ಬಿಂಬಗಳು ಜಾಸ್ತಿ ಆದ ಹಾಗೆ ದನಿನೂ ಜಾಸ್ತಿ ಆಗುತ್ತೆ, ಎಲ್ಲಾ ದನಿನೂ ಐಲೀನ್ ವುಡ್ಸ್ ಒಬ್ಬರದೇ, ಒಂದರ ಮೇಲೊಂದು ರೆಕಾರ್ಡ್ ಮಾಡಿ ಕೂಡಿಸಿದ್ದು. ಒಂದೊಂದು ದನಿನೂ ಬಿಡಿಸಿ ಕೇಳ್ಬೇಕು. ಹಿಸ್ ಶಬ್ದ ಪೂರ್ತಿ ಮಾಯ ಆಗಿ ದನಿ ಬಕೆಟ್ ಒಳಗಿಂದ ಬಂದ ಹಾಗಿದ್ರೆ ಇಲ್ಲೂ ಅತಿಯಾಗಿ ಒರೆಸಿದ್ದಾರೆ.

ಡಬ್ಬಿಂಗ್ ಸಿನಿಮಾ ಆದ್ರೆ ಇನ್ನೂ ಹುಷಾರು. ಘಿಬ್ಲಿಯ ಕಿಕಿ ಸಿನಿಮಾದ 1998ರ ಇಂಗ್ಲಿಷ್ ಡಬ್ಬಿಂಗಲ್ಲಿ ಬೆಕ್ಕಿಗೆ ಮೂಲದಲ್ಲಿಲ್ಲದ ಡೈಲಾಗ್ ಸೇರಿಸಿದ್ರು, ಆಮೇಲೆ 2010ರ ಡಿಸ್ಕಲ್ಲಿ ಎಷ್ಟೋ ತೆಗೆದ್ರು. ಘಿಬ್ಲಿಯದೇ ಲಪುಟಾ ಸಿನಿಮಾದ ಇಂಗ್ಲಿಷ್ ಆವೃತ್ತಿಗೆ ಮೂಲ ಸಂಗೀತಗಾರ ಹಿಸೈಶಿಯವರೇ ಸಂಗೀತ ಹಿಗ್ಗಿಸಿ ಕೊಟ್ರು. ಸಬ್‌ಟೈಟಲ್ ಜಪಾನಿ ಮಾತಿನದ್ದಾ ಇಲ್ಲಾ ಡಬ್ಬಿಂಗ್ ಮಾತನ್ನೇ ಬರೆದು ಹಾಕಿದ್ದಾರಾ ಅಂತ ನೋಡೋಕೆ ಉಪಾಯ: ಜಪಾನಿ ಆಡಿಯೊ ಹಾಕಿ, ಯಾರೂ ಮಾತಾಡದಿರೋ ಕಡೆ ಸಬ್‌ಟೈಟಲ್ ಬಂದ್ರೆ ಅದು ಡಬ್ಬಿಂಗಿನದ್ದು. ನಮ್ಮ ಕಾರ್ಟೂನ್ ನೆಟ್‌ವರ್ಕ್ ತಲೆಮಾರಿನ ಪ್ರೀತಿಯ ಇಂಡೋ-ಜಪಾನಿ ರಾಮಾಯಣ 2025ರ ಜನವರಿಲಿ 4ಕೆಯಾಗಿ ಥಿಯೇಟರಿಗೆ ಬಂದಾಗ ಹಿಂದಿ ದನಿಗಳು ಹೊಸವು, ಟಿವಿಲಿ ಕೇಳಿ ಬೆಳೆದ ಹಳೇ ದನಿ ಅಲ್ಲ, ಮನೆಗೆ ಡಿಸ್ಕ್ ತರುವವರಿಗೆ ಇಂಥ ವಿಷಯ ಮೊದ್ಲೇ ಗೊತ್ತಿರ್ಬೇಕು. ಕನ್ನಡ ಟ್ರ್ಯಾಕ್ ಕೇಳ್ಬೇಡಿ, ಈ ಹಳೇ ಡಿಸ್ನಿ ಡಿಸ್ಕುಗಳಲ್ಲಿ ನನಗಂತೂ ಎಲ್ಲೂ ಸಿಕ್ಕಿಲ್ಲ, ಚಿಕ್ಕ ಮಕ್ಕಳಿದ್ರೆ ಪಕ್ಕದಲ್ಲಿ ಕೂತು ಕಥೆ ಹೇಳೋ ಕೆಲಸ ಅಜ್ಜಿದೋ ಅಮ್ಮಂದೋ ಆಗುತ್ತೆ.

ಹೆಜ್ಜೆ 7: ಕತ್ತರಿ ಬಿದ್ದಿದೆಯಾ

ಫ್ಯಾಮಿಲಿ ಸಿನಿಮಾಗಳಿಗೇ ಇದು ಜಾಸ್ತಿ. 1940ರ ಫ್ಯಾಂಟೇಸಿಯಾದಲ್ಲಿ ಕಪ್ಪು ಜನರನ್ನ ಗೇಲಿ ಮಾಡೋ ಥರ ಬರೆದ ಪುಟ್ಟ ಪಾತ್ರವನ್ನ ದಶಕಗಳಿಂದ ತೆಗೆದೇ ತೋರಿಸ್ತಾರೆ. ಮೆಲಡಿ ಟೈಮ್ ಸಿನಿಮಾದ ಕೌಬಾಯ್ ಬಾಯಿಂದ ಸಿಗರೇಟ್ ಅಳಿಸಿದ್ರು. ಅಲ್ಲಾದೀನ್ ಮೊದಲ ಹಾಡಿನ ಸಾಲು 1993ರ ವಿಡಿಯೊಲೇ ಬದಲಾಯ್ತು. ಲಯನ್ ಕಿಂಗ್ 2003ರ ಡಿವಿಡಿಲಿ ಒಂದು ಹೊಸ ಹಾಡೇ ಸೇರ್ಕೊಂಡಿತ್ತು. ಮಕ್ಕಳಿಗೆ ತೋರಿಸೋಕೆ ಕೆಲವು ಬದಲಾವಣೆ ಬೇಕು ಅನ್ಸಿದ್ರೆ ಅದು ನಿಮ್ಮಿಷ್ಟ, ಆದ್ರೆ ಡಬ್ಬಿ ಮೇಲೆ ಅದನ್ನ ಬರೆಯದಿದ್ರೆ ಮೋಸ.

ಸಿನಿಮಾ ಉದ್ದ ಮಾತ್ರ ನೋಡಿ ಗಾಬರಿ ಆಗ್ಬೇಡಿ. ಸಿಂಡ್ರೆಲಾ 74 ನಿಮಿಷ. ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿವಿಡಿಲಿ 71 ತೋರಿಸಿದ್ರೆ ಯಾರೂ ಏನೂ ಕತ್ತರಿಸಿಲ್ಲ, 24 ಫ್ರೇಮಿನ ಸಿನಿಮಾನ 25ರಲ್ಲಿ ಓಡಿಸಿದ್ದಾರೆ ಅಷ್ಟೇ, ಹಾಡಿನ ಶ್ರುತಿ ಸ್ವಲ್ಪ ಮೇಲೆ ಹೋಗುತ್ತೆ. ಹಾಡು ಕಿವಿಗೆ ಪಕ್ಕಾ ಕೂತಿರೋರಿಗೆ ಕಿರಿಕಿರಿ. ಬ್ಲೂ-ರೇಲಿ ಸಿನಿಮಾ 24ರಲ್ಲೇ ಓಡೋದ್ರಿಂದ ಈ ಕಾಟ ಇರಲ್ಲ.

ಹೆಜ್ಜೆ 8: ರೀಜನ್, ಕೋಡು, ಸೆಕೆಂಡ್‌ಹ್ಯಾಂಡು

ಅಮೆರಿಕದಲ್ಲಿರೋ ಅಣ್ಣನೋ ಅಕ್ಕನೋ ಸೂಟ್‌ಕೇಸಲ್ಲಿ ತಂದುಕೊಡ್ತಾರೆ ಅಂದ್ರೆ ಇದು ಓದಿ. ರೀಜನ್ ಅಂದ್ರೆ ಡಿಸ್ಕ್ ಯಾವ ದೇಶದ ಪ್ಲೇಯರಲ್ಲಿ ಓಡ್ಬೇಕು ಅಂತ ಹಾಕೋ ಬೀಗ. ಡಿವಿಡಿಲಿ ಭಾರತ ರೀಜನ್ 5, ಅಮೆರಿಕ 1. ಬ್ಲೂ-ರೇಲಿ ಭಾರತ ಸಿ, ಅಮೆರಿಕ ಎ. ತಂದಿದ್ದು ಇಲ್ಲಿ ಓಡ್ದೇನೂ ಇರ್ಬೋದು. 4ಕೆ ಡಿಸ್ಕುಗಳಿಗೆ ಸಾಮಾನ್ಯವಾಗಿ ರೀಜನ್ ಲಾಕ್ ಇರಲ್ಲ, ಆದ್ರೆ ಅದೇ ಡಬ್ಬಿಲಿರೋ ಬ್ಲೂ-ರೇಗೆ ಇರ್ಬೋದು. ಒಳಗಿರೋ ಡಿಜಿಟಲ್ ಕೋಡ್ (ಆನ್‌ಲೈನಲ್ಲಿ ಸಿನಿಮಾ ನೋಡೋಕೆ) ಮೂವೀಸ್ ಎನಿವೇರ್ ಸೇವೆದಾದ್ರೆ ಅಮೆರಿಕದಲ್ಲಿ ಮಾತ್ರ ನಡೆಯುತ್ತೆ, ಅಣ್ಣನಿಗೇ ಕೊಟ್ಬಿಡಿ.

ಸೆಕೆಂಡ್‌ಹ್ಯಾಂಡ್ ಆದ್ರೆ ಡಿಸ್ಕನ್ನ ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಒರಿಜಿನಲ್ ಡಿವಿಡಿ ಹಿಂಭಾಗ ಬೆಳ್ಳಿ ಇಲ್ಲಾ ಹೊಂಬಣ್ಣ ಇರುತ್ತೆ, ನೇರಳೆ ಛಾಯೆ ಇದ್ರೆ ಯಾರೋ ಮನೇಲಿ ಬರ್ನ್ ಮಾಡಿದ್ದು. ಸ್ಟೀಲ್‌ಬುಕ್ ಅನ್ನೋ ಚಂದದ ತಗಡಿನ ಡಬ್ಬಿಗೆ ಮರುಳಾಗೋ ಮುಂಚೆ ಒಳಗಿರೋದು ಯಾವ ವರ್ಷದ ಮಾಸ್ಟರ್ ಅಂತ ಕೇಳಿ, ಹಳೇ ಮಾಸ್ಟರಿಗೇ ಹೊಸ ಡಬ್ಬಿ ಹಾಕಿ ಮಾರೋದು ಈ ಬಿಸಿನೆಸ್ಸಲ್ಲಿ ಮಾಮೂಲು. ಡಿವಿಡಿಬೀವರ್ ಥರದ ಸೈಟಲ್ಲಿ ಒಂದೇ ಫ್ರೇಮನ್ನ ಬೇರೆಬೇರೆ ಡಿಸ್ಕಿಂದ ತೆಗೆದು ಹಾಕಿರ್ತಾರೆ, ಗೆರೆ ನೋಡೋಕೆ ಅದು ಸಾಕು, ಎಚ್‌ಡಿಆರ್ ಬಣ್ಣವನ್ನ ಮಾತ್ರ ಮಾಮೂಲಿ ಮಾನಿಟರ್ ಮೇಲಿನ ಸ್ಕ್ರೀನ್‌ಶಾಟ್ ನೋಡಿ ನಂಬ್ಬೇಡಿ. ಯೂಟ್ಯೂಬ್ ಹೋಲಿಕೆ ವಿಡಿಯೊ ಇನ್ನೂ ಬೇಡ, ಅದರ ಕಂಪ್ರೆಷನ್ನೇ ಗ್ರೇನ್ ತಿಂದಿರುತ್ತೆ.

ಸಿಂಡ್ರೆಲಾ ವಿಷಯದಲ್ಲಿ ನನ್ನ ಲೆಕ್ಕ ಇಷ್ಟು. 4ಕೆ ಪ್ಲೇಯರ್ ಇದ್ರೆ 2023ರದ್ದು, ಎರಡನೇ ಯೋಚನೆ ಬೇಡ. ಪ್ಲೇಯರ್ ಇಲ್ಲ, ಇದೊಂದಕ್ಕೆ ತಗೊಳ್ಳೋಕೂ ಆಗಲ್ಲ ಅಂದ್ರೆ 2012ರ ಬ್ಲೂ-ರೇಗೆ ದುಡ್ಡು ಸುರೀಬೇಡಿ, ಹೊಸ ಮಾಸ್ಟರ್ ಸ್ಟ್ರೀಮಿಂಗಲ್ಲಿ ಸಿಕ್ಕಿದ್ರೆ ಅದೇ ವಾಸಿ, ಕಂಪ್ರೆಷನ್ ಇದ್ರೂ ಗೆರೆ ಇರುತ್ತೆ. ಹಳೇ ಡಿವಿಡಿ ಈಗಾಗ್ಲೇ ಮನೆಲಿದ್ರೆ ಮಾತ್ರ ಬಿಸಾಕ್ಬೇಡಿ, ಅದರ ಎಕ್ಸ್‌ಟ್ರಾಗಳನ್ನ ಸ್ಟುಡಿಯೊಗಳು ಪ್ರತಿ ಹೊಸ ರಿಲೀಸಲ್ಲೂ ಒಂದಷ್ಟು ಉದುರಿಸ್ತಾ ಬರ್ತವೆ, ಎರಡನೇ ಡಿಸ್ಕ್ ಸಮೇತ ಇಟ್ಕೊಳ್ಳಿ.